ಎಡಗಡೆ ಕೂತಾಗ ಕಾಣುವ ಸಮಾನತೆ

ಶಾಸಕರಿಗೆ ಸಮಾನತೆ ಕಾಣಬೇಕಾದರೆ ಕನ್ನಡಕ ಬದಲಿಸಬೇಕಿಲ್ಲ, ಕುರ್ಚಿ ಬದಲಾದರೆ ಸಾಕು. ವಿಧಾನಸಭೆಯಲ್ಲಿ ಸಭಾಧ್ಯಕ್ಷರ ಬಲಕ್ಕೆ ಆಳುವವರು, ಎಡಕ್ಕೆ ವಿರೋಧ ಪಕ್ಷದವರು. ಬಲಗಡೆ ಕೂತಷ್ಟು ದಿನ ಕುಂದಗೋಳ ರಸ್ತೆಯ ತಗ್ಗು ಕಾಣದ ಕಣ್ಣಿಗೆ, ಎಡಕ್ಕೆ ಬಂದು ಕೂತ ಮರುದಿನವೇ ತಗ್ಗು ಕಾಣುತ್ತದೆ, ತಗ್ಗಿನಲ್ಲಿ ನಿಂತ ನೀರು ಕಾಣುತ್ತದೆ, ಆ ನೀರಿನ ತಳದಲ್ಲಿ ಉತ್ತರ ಕರ್ನಾಟಕಕ್ಕೆ ಆದ ಐತಿಹಾಸಿಕ ಅನ್ಯಾಯವೂ ನಿಚ್ಚಳವಾಗಿ ಕಾಣುತ್ತದೆ. ಹೊಸದಾಗಿ ಎಡಕ್ಕೆ ಬಂದವರಿಗೆ ಮಾತ್ರ ಮೊದಲ ತಿಂಗಳು ಸ್ವಲ್ಪ ತೊಡಕು. ಬಾಯಿತಪ್ಪಿ ‘ನಮ್ಮ ಸರ್ಕಾರದ ಸಾಧನೆ’ ಅಂದುಬಿಡುತ್ತಾರೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಅಂಥವರ ಅನುಕೂಲಕ್ಕಾಗಿ ದನಿ ಎತ್ತುವ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಮೊದಲು ಬೇಕಾದ ಸಾಮಾನು 114. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಕೊಟ್ಟ ವರದಿಯೊಳಗಿನ ಸಂಖ್ಯೆ ಅದು. ಅಭಿವೃದ್ಧಿಯಲ್ಲಿ ರಾಜ್ಯದ ಸರಾಸರಿಯನ್ನು 1 ಅಂತ ಇಟ್ಟುಕೊಂಡು ಆಗಿದ್ದ 175 ತಾಲ್ಲೂಕುಗಳನ್ನು ಅಳೆದರು. ಒಂದಕ್ಕಿಂತ ಕೆಳಗೆ ಬಿದ್ದವು 114. ಅವುಗಳಲ್ಲಿ 35 ಹಿಂದುಳಿದ, 40 ಅತಿ ಹಿಂದುಳಿದ, 39 ಅತ್ಯಂತ ಹಿಂದುಳಿದ ತಾಲ್ಲೂಕುಗಳು. (‘ಅತಿ’ಗೂ ‘ಅತ್ಯಂತ’ಕ್ಕೂ ನಡುವೆ ಇಷ್ಟೊಂದು ಬಡತನ ಹಿಡಿಸುತ್ತದೆ ಅಂತ ವ್ಯಾಕರಣದ ಮಾಸ್ತರರಿಗೂ ಗೊತ್ತಿರಲಿಕ್ಕಿಲ್ಲ.) ಭಾಷಣದಲ್ಲಿ ವರದಿಯನ್ನು ಎಡಗೈಯಲ್ಲಿ ಮೇಲೆತ್ತಿ ಹಿಡಿಯಬೇಕು, ಬಲಗೈಯಿಂದ ಮೇಜು ಕುಟ್ಟಬೇಕು. ಬಿಚ್ಚಬಾರದು.

ಬಿಚ್ಚಿದರೆ ಏನಾಗುತ್ತದೆಂದರೆ, 114ರಲ್ಲಿ ಉತ್ತರದ ಪಾಲು 59, ದಕ್ಷಿಣದ ಪಾಲು 55 ಅಂತ ಕಂಡುಬಿಡುತ್ತದೆ. ‘ನಮಗಷ್ಟೇ ಮಲತಾಯಿ ಧೋರಣೆ’ ಅನ್ನುವ ವಾಕ್ಯ ಆ 55ಕ್ಕೆ ಎಡವಿ ಮುಗ್ಗರಿಸುತ್ತದೆ. ಜಾಣರು ಆಗ 39ಕ್ಕೆ ಹಾರುತ್ತಾರೆ, ಅದರಲ್ಲಿ 26 ಉತ್ತರದವು. ಅಲ್ಲೂ ಒಂದು ಕಲ್ಲಿದೆ: ಆ 26ರಲ್ಲಿ 21 ಕಲಬುರಗಿ ವಿಭಾಗದವು, ನಮ್ಮ ಬೆಳಗಾವಿ ವಿಭಾಗಕ್ಕೆ ಬಂದದ್ದು 5. ಹಾಗಾಗಿ ಧಾರವಾಡದ ಕಡೆಯ ಶಾಸಕರು ಕಲಬುರಗಿಯವರ ಹಿಂದುಳಿಕೆಯನ್ನು ಕಡ ತಂದು ಅಳಬೇಕಾಗುತ್ತದೆ. ಕಲಬುರಗಿಯವರು ಇದುವರೆಗೆ ಬಡ್ಡಿ ಕೇಳಿಲ್ಲ.

ಇಸವಿ ಹೇಳಲೇಬಾರದು. 2002 ಅಂದ ಕೂಡಲೇ ಎದುರಿನ ಸಾಲಿನಿಂದ ‘ಆಮೇಲೆ ಯಾರು ಆಳಿದರು?’ ಅಂತ ಕೂಗು ಬರುತ್ತದೆ. ಆಮೇಲೆ ಆಳದೆ ಉಳಿದ ದೊಡ್ಡ ಪಕ್ಷ ಈ ರಾಜ್ಯದಲ್ಲಿ ಒಂದೂ ಇಲ್ಲ. ಕನ್ನಡದಲ್ಲಿ ‘ದಶಕಗಳಿಂದ’ ಅನ್ನುವ ಪದ ಇರುವುದೇ ಇದಕ್ಕೆ. ಊರಿನ ಹೆಸರಲ್ಲೂ ಎಚ್ಚರ ಬೇಕು. ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿ ಇವೆಲ್ಲ ಆಮೇಲೆ ಹುಟ್ಟಿದ ತಾಲ್ಲೂಕುಗಳು. ಅಣ್ಣಿಗೇರಿಯಲ್ಲಿ ನಿಂತು ‘ನಂಜುಂಡಪ್ಪನವರೇ ಅಣ್ಣಿಗೇರಿ ತಾಲ್ಲೂಕಿನ ಬಗ್ಗೆ ಹೇಳಿದ್ದಾರೆ’ ಅಂದರೆ, ಅವತ್ತು ಅಣ್ಣಿಗೇರಿ ನವಲಗುಂದ ತಾಲ್ಲೂಕಿನ ಹೊಟ್ಟೆಯಲ್ಲಿತ್ತು ಅಂತ ಯಾವನಾದರೂ ನಿವೃತ್ತ ತಲಾಟಿ ಎದ್ದು ನಿಂತು ತಿದ್ದುತ್ತಾನೆ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ನೇಮಕವಾದಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು 114ನ್ನು ಬಾಯಿಪಾಠ ಮಾಡಿಕೊಂಡವರಿಗೇ ಇರಬೇಕು.

ಹೆಸರು ಬದಲಿಸಿ ಅಂತ ಕೇಳುವುದೂ ಒಂದು ದಾರಿ. 2021ರ ನವೆಂಬರಿನಲ್ಲಿ ಮುಂಬೈ ಕರ್ನಾಟಕ ಕಿತ್ತೂರು ಕರ್ನಾಟಕವಾಯಿತು. ಬೋರ್ಡಿನ ಬಣ್ಣದ ಖರ್ಚು ಬಿಟ್ಟರೆ ಇಷ್ಟು ಅಗ್ಗದಲ್ಲಿ ಏಳು ಜಿಲ್ಲೆ ಹಿಂದೆಂದೂ ಉದ್ಧಾರವಾದದ್ದಿಲ್ಲ.

ಇನ್ನು ಸ್ಥಳ. ಬೆಂಗಳೂರಿನಲ್ಲಿ ದನಿ ಎತ್ತಿದರೆ ಅಲ್ಲಿನ ಟ್ರಾಫಿಕ್ಕಿನಲ್ಲಿ ಕೇಳಿಸುವುದಿಲ್ಲ, ಡಿಸೆಂಬರಿನ ಬೆಳಗಾವಿ ಅಧಿವೇಶನವೇ ಸರಿ. ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದದ್ದೇ ಈ ಭಾಗದ ಮಾತಿಗೆ ಒಂದು ಮನೆ ಇರಲಿ ಅಂತ. ಮೊದಲು ನಿಯಮ 60ರಡಿ ನಿಲುವಳಿ ಸೂಚನೆ ಕೊಡಿ. 60 ಅಂದರೆ, ಎಲ್ಲ ಕಲಾಪ ಬದಿಗಿಟ್ಟು ಇದನ್ನೇ ಎತ್ತಿಕೊಳ್ಳಿ ಅನ್ನುವ ಬೇಡಿಕೆ. ಸಭಾಧ್ಯಕ್ಷರು ‘ನಿಯಮ 69ಕ್ಕೆ ಬದಲಾಯಿಸಿ ಅವಕಾಶ ಕೊಡುತ್ತೇನೆ’ ಅನ್ನುತ್ತಾರೆ. 69 ಅಂದರೆ ಮಾತಾಡಿ, ಆದರೆ ಈಗಲ್ಲ. ಹೊಸಬರು ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ, ತಪ್ಪು. 60ನ್ನೇ ಒಪ್ಪಿಬಿಟ್ಟರೆ ಆ ಕ್ಷಣವೇ ಎದ್ದು ಮಾತಾಡಬೇಕು, ಕೈಯಲ್ಲಿ ಕಾಗದ ಇರಬೇಕು, ಕಾಗದದಲ್ಲಿ ವಿಷಯವೂ ಇರಬೇಕು. 69 ಅಂದರೆ ‘ಪ್ರಜಾಪ್ರಭುತ್ವದ ಕಗ್ಗೊಲೆ’ ಅಂತ ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದರೆ ಆಯಿತು. ಮೇ ತಿಂಗಳಲ್ಲೂ ಬತ್ತದ ಬಾವಿ ಅಂತ ನಮ್ಮ ಕಡೆಯವರ ಪಾಲಿಗೆ ಇರುವುದು ಸದನದ ಬಾವಿ ಒಂದೇ.

ಉತ್ತರ ಕರ್ನಾಟಕದ ಚರ್ಚೆ ಸಾಮಾನ್ಯವಾಗಿ ಜಾರುತ್ತ ಜಾರುತ್ತ ಅಧಿವೇಶನದ ಬಾಲಕ್ಕೆ ಬಂದು ಬೀಳುತ್ತದೆ. ಅಷ್ಟು ಹೊತ್ತಿಗೆ ಬೆಂಗಳೂರಿನ ಕಡೆಯವರು ವಿಮಾನದ ಟೈಮು ನೋಡುತ್ತಿರುತ್ತಾರೆ, ನಮ್ಮ ಕಡೆಯವರು ಮದುವೆ ಪತ್ರಿಕೆ ನೋಡುತ್ತಿರುತ್ತಾರೆ. 224ರಲ್ಲಿ ಹತ್ತನೇ ಒಂದು ಭಾಗ, ಅಂದರೆ 23 ಮಂದಿ ಇದ್ದರೆ ಕೋರಂ, ಸದನ ನಡೆಸಬಹುದು. ಅದಕ್ಕೂ ಗಂಟೆ ಬಾರಿಸಬೇಕಾಗುತ್ತದೆ.

ಸದನದ ಕೆಲಸ ಸಲೀಸು. ಕಷ್ಟ ಇರುವುದು ಸಮುದಾಯದ ಸಮಾವೇಶಗಳಲ್ಲಿ. ಹಿಂದುಳಿದ ವರ್ಗಗಳ ಮೀಸಲಾತಿಯ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ: ಪ್ರವರ್ಗ 1ಕ್ಕೆ ಶೇ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5, ಒಟ್ಟು 32. ಶನಿವಾರ ಹಾವೇರಿಯಲ್ಲಿ 3ಬಿಯವರ ಸಮಾವೇಶ. ಕೊರಳಲ್ಲಿ ಹಾವೇರಿಯ ಏಲಕ್ಕಿ ಹಾರ, ಬಾಯಲ್ಲಿ ‘ನಿಮ್ಮನ್ನು 2ಎಗೆ ಸೇರಿಸುವ ತನಕ ನಾ ಮನಗೂದಿಲ್ಲ’. ಭಾನುವಾರ ಗದಗಿನಲ್ಲಿ 2ಎಯವರ ಸಮಾವೇಶ. ಕೊರಳಲ್ಲಿ ಅದೇ ಹಾರ (ಏಲಕ್ಕಿ ಬಾಡುವುದಿಲ್ಲ, ಅದೊಂದು ಅನುಕೂಲ), ಬಾಯಲ್ಲಿ ‘ನಿಮ್ಮ ಗಂಗಾಳಕ್ಕ ಯಾರೂ ಕೈ ಹಾಕದಂಗ ನಾ ಕಾವಲ ಕುಂದರ್ತೇನಿ’. ಹದಿನೈದು ರೊಟ್ಟಿಯ ಪಂಕ್ತಿಗೆ ಹೊಸಬರನ್ನು ಕೂಡಿಸುವುದೂ ಅವರೇ, ಕೂತವರ ರೊಟ್ಟಿ ಕಾಯುವುದೂ ಅವರೇ. ರಾತ್ರಿ ಮನಗದೆ ಕಾವಲು ಕೂತರೆ ಎರಡೂ ಮಾತು ಉಳಿಸಿಕೊಂಡಂತೆ ಆಗುತ್ತದಲ್ಲ!

ಮೊದಲು ಇದು ಸುರಳೀತ ನಡೆಯುತ್ತಿತ್ತು. ಕಾಪಾಡುತ್ತಿದ್ದದ್ದು ಪತ್ರಿಕೆಗಳ ಜಿಲ್ಲಾ ಪುಟ. ಹಾವೇರಿಯ ಪುಟ ಗದಗಿಗೆ ಬರುತ್ತಿರಲಿಲ್ಲ, ಗದಗಿನದು ಹಾವೇರಿಗೆ ಹೋಗುತ್ತಿರಲಿಲ್ಲ. ಈಗ ಹಾವೇರಿಯಲ್ಲಿ ಮೈಕ್ ಇಳಿಸುವುದರೊಳಗೆ ವಿಡಿಯೊ ಗದಗಿನ ಚಹಾದಂಗಡಿಗೆ ಮುಟ್ಟಿರುತ್ತದೆ. ‘ಯಾಕ್ರೀ ಸಾಹೇಬ್ರ, ನಿನ್ನೆ ಅಲ್ಲೆ ಒಂದು, ಇವತ್ತ ಇಲ್ಲೆ ಒಂದು?’ ಅಂತ ಯಾರಾದರೂ ಕೇಳಿದರೆ ಸಿಟ್ಟಾಗಬಾರದು. ‘ನೋಡ್ರಿ, ಸಾಮಾಜಿಕ ನ್ಯಾಯ ಅಂದ್ರ ಎಲ್ಲಾರಿಗೂ ಸಮ ಮಾತಾಡೂದು’ ಅಂದು ಕಾರು ಹತ್ತಬೇಕು.

ಮಾತಿನಿಂದ ತೃಪ್ತಿಯಾಗದ ಸಮುದಾಯಕ್ಕೆ ಸಮುದಾಯ ಭವನ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ಅಸಮಾನತೆ, ಆದ್ದರಿಂದ ತಲಾ ಹತ್ತು ಲಕ್ಷದಂತೆ ಇಪ್ಪತ್ತು ಭವನ. ಹತ್ತು ಲಕ್ಷಕ್ಕೆ ಬುನಾದಿ ಬರುತ್ತದೆ, ಗೋಡೆ ಲಿಂಟಲ್ ಮಟ್ಟಕ್ಕೆ ಬರುತ್ತದೆ, ಸ್ಲ್ಯಾಬ್ ಬರುವುದಿಲ್ಲ. ಮುಂದಿನ ಕಂತು ಬೇಕೆಂದರೆ ಹಿಂದಿನ ಕಂತು ಖರ್ಚಾದ ಬಳಕೆ ಪ್ರಮಾಣಪತ್ರ ಕೊಡಬೇಕು. ಅದು ಬರುವಷ್ಟರಲ್ಲಿ ಮಾರ್ಚ್ ದಾಟಿರುತ್ತದೆ, ಒಮ್ಮೊಮ್ಮೆ ಸರ್ಕಾರವೇ ದಾಟಿರುತ್ತದೆ. ಹೀಗೆ ನಿಂತ ಭವನದ ಎದುರು ಹೋಗಿ ನೋಡಬೇಕು. ಕಂಬದ ತಲೆಯಲ್ಲಿ ಸರಳುಗಳು ತುಕ್ಕು ಹಿಡಿದು ಆಕಾಶಕ್ಕೆ ಕೈ ಚಾಚಿರುತ್ತವೆ. ಒಳಗೆ ಜೋಳದ ಕಣಿಕೆ ಒಟ್ಟಿರುತ್ತದೆ, ಕಿಡಕಿ ಇರಬೇಕಾದ ಕಡೆ ಒಂದು ಎಮ್ಮೆ ಮುಖ ಹೊರಗೆ ಹಾಕಿರುತ್ತದೆ. ಅಡಿಗಲ್ಲು ಮಾತ್ರ ಪೂರ್ಣ: ಕರಿ ಗ್ರಾನೈಟು, ಬಂಗಾರದ ಬಣ್ಣದ ಅಕ್ಷರ, ಒಂದು ಹೆಸರಿನ ಒತ್ತಕ್ಷರವೂ ಉದುರಿರುವುದಿಲ್ಲ.

ಆ ಕಲ್ಲಿನ ಹತ್ತಿರ ಬಂದಾಗಲೇ ನ್ಯಾಯದ ಹೋರಾಟ ನಿಜವಾಗಿ ಬಿಸಿಯೇರುವುದು. ಸರ್ಕಾರಿ ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ ‘ಘನ ಉಪಸ್ಥಿತಿ’, ‘ಉದ್ಘಾಟನೆ’, ‘ಅಧ್ಯಕ್ಷತೆ’, ‘ಮುಖ್ಯ ಅತಿಥಿಗಳು’ ಅಂತ ಸಾಲು ಇರುತ್ತದೆ. ಶಿಷ್ಟಾಚಾರದ ಪ್ರಕಾರ ಅಧ್ಯಕ್ಷತೆ ಆ ಕ್ಷೇತ್ರದ ಶಾಸಕರದು, ಪಕ್ಷ ಯಾವುದಾದರೂ ಇರಲಿ. ವಿರೋಧ ಪಕ್ಷದ ಶಾಸಕರ ಹೆಸರು ಅಲ್ಲಿಂದ ಜಾರಿ ಮುಖ್ಯ ಅತಿಥಿಗಳ ಗುಂಪಿನಲ್ಲಿ ಬಿತ್ತು ಅನ್ನಿ, ಅಥವಾ ಅಕ್ಷರ ಮಂತ್ರಿಗಳ ಹೆಸರಿಗಿಂತ ಒಂದು ನೂಲು ಸಣ್ಣದಾಯಿತು ಅನ್ನಿ, ಅದು ಅವರಿಗಾದ ಅವಮಾನವಲ್ಲ, ಕ್ಷೇತ್ರದ ಎರಡು ಲಕ್ಷ ಮತದಾರರಿಗಾದ ಅವಮಾನ. ನೀರು ಎಂಟು ದಿನಕ್ಕೊಮ್ಮೆ ಬಂದಾಗ ಆ ಎರಡು ಲಕ್ಷ ಜನರಿಗೆ ಆಗುವುದಕ್ಕೆ, ಲಿಖಿತ ಉತ್ತರವಷ್ಟೇ ಬರುವ ಚುಕ್ಕೆ ಗುರುತಿಲ್ಲದ ಪ್ರಶ್ನೆ ಸಾಕು, ‘ಅನುದಾನದ ಲಭ್ಯತೆ ಆಧರಿಸಿ ಕ್ರಮ ಕೈಗೊಳ್ಳಲಾಗುವುದು’ ಅಂತ ಉತ್ತರವೂ ಬರುತ್ತದೆ. ಆಮಂತ್ರಣ ಪತ್ರಿಕೆಯ ಸಾಲು ತಪ್ಪಿದ್ದಕ್ಕೆ ಮಾತ್ರ ಶಾಸಕರ ಹಕ್ಕಿಗೆ ಧಕ್ಕೆಯಾಯಿತು ಅನ್ನುವ ಹಕ್ಕುಚ್ಯುತಿಯೇ ಆಗಬೇಕು. ಈ ವಿಷಯದಲ್ಲಿ ಬಲಗಡೆಯವರೂ ಎದ್ದು ನಿಂತು ಬೆಂಬಲಿಸುತ್ತಾರೆ. ನಾಳೆ ಕುರ್ಚಿ ಬದಲಾದರೆ ಜಾರುವುದು ತಮ್ಮ ಹೆಸರೇ ಅಂತ ಅವರಿಗೂ ಗೊತ್ತು.

ಎರಡೂ ಕಡೆಯವರು ಸಮಾನರಾದದ್ದಕ್ಕೆ ದಾಖಲೆಯೂ ಇದೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಕಾಗದ ಹಾರಿತು, ಘೋಷಣೆ ಹಾರಿತು, ವಿರೋಧ ಪಕ್ಷದ 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಅದೇ ದಿನ, ಗದ್ದಲದ ನಡುವೆ, ಶಾಸಕರ ತಿಂಗಳ ವೇತನ 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ಬಲಗಡೆಗೂ ಎಂಬತ್ತು, ಎಡಗಡೆಗೂ ಎಂಬತ್ತು. ಉತ್ತರಕ್ಕೆ ಕಡಿಮೆ, ದಕ್ಷಿಣಕ್ಕೆ ಹೆಚ್ಚು ಅಂತಲೂ ಇಲ್ಲ. ಅದನ್ನು 60ರಡಿ ತರಲಿಲ್ಲ, 69ಕ್ಕೆ ಬದಲಾಯಿಸಲೂ ಇಲ್ಲ.

ಭಾಷಣದ ಕಾಗದವನ್ನು ಮಾತ್ರ ಜೋಪಾನ ಮಾಡಬೇಕು. ಬಾವಿಯಲ್ಲಿ ಹರಿದು ಎಸೆಯಲಿಕ್ಕೆ ಹಳೆಯ ಕಾರ್ಯಸೂಚಿ ಪಟ್ಟಿ ಇಟ್ಟುಕೊಳ್ಳಿ, ಭಾಷಣವನ್ನು ಹರಿಯಬೇಡಿ. ಸರ್ಕಾರ ಬದಲಾಗಿ ಬಲಕ್ಕೆ ಹೋಗುವಾಗ ಅದನ್ನು ಮೇಜಿನ ಖಾನೆಯಲ್ಲೇ ಬಿಟ್ಟು ಹೋದರೆ, ಎಡಕ್ಕೆ ಬರುವವರಿಗೆ ಹೊಸದು ಬರೆಸುವ ಖರ್ಚು ಉಳಿಯುತ್ತದೆ. ಮುಖ್ಯಮಂತ್ರಿಯ ಹೆಸರು ಮೂರು ಕಡೆ ಬರುತ್ತದೆ, ಜಿಲ್ಲಾ ಉಸ್ತುವಾರಿ ಮಂತ್ರಿಯದು ಎರಡು ಕಡೆ. ಆ ಐದೂ ಜಾಗದಲ್ಲಿ ಪೆನ್ಸಿಲಿನಿಂದ ಬರೆದಿರಬೇಕು.