ಗೋವಾದ ಖಾಜನ್, ಕುಮಟೆಯ ಗಜನಿ

3,702 ಚದರ ಕಿಲೋಮೀಟರ್ ವಿಸ್ತೀರ್ಣದ ಗೋವಾ ರಾಜ್ಯವು ನಮ್ಮ ಉತ್ತರ ಕನ್ನಡ ಜಿಲ್ಲೆಯ ಅರ್ಧದಷ್ಟೂ ಇಲ್ಲ. ಇದರ ಸಂಪತ್ತೆಂದರೆ ಕಡಲತೀರ ಮತ್ತು ಕಬ್ಬಿಣದ ಅದಿರು ಎಂದು ಊರಿನ ಕಡೆಯವರು ತಿಳಿದಿದ್ದಾರೆ. ಇಲ್ಲಿ ನೆಲೆಸಿರುವ ನನಗಾದರೋ ಜುವಾರಿ ಮತ್ತು ಮಾಂಡವಿ (ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಇದು) ನದಿಗಳ ಅಳಿವೆಯ ಬದಿಗಿರುವ ಖಾಜನ್ ಗದ್ದೆಗಳೇ ಈ ನಾಡಿನ ದೊಡ್ಡ ಆಸ್ತಿಯೆನಿಸುತ್ತವೆ.

ಉಪ್ಪುನೀರು ನುಗ್ಗುವ ತಗ್ಗು ನೆಲಕ್ಕೆ ಮಣ್ಣಿನ ಒಡ್ಡು ಕಟ್ಟಿ, ಅದರಲ್ಲಿ ಮರದ ಬಾಗಿಲಿನ ತೂಬನ್ನು ಇಟ್ಟಿರುತ್ತಾರೆ. ಭರತ ಏರಿದಾಗ ಹೊರಗಿನ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರು ಅದನ್ನು ತಳ್ಳಿಕೊಂಡು ಹೊರಗೆ ಹರಿಯುತ್ತದೆ. ಮಳೆಗಾಲದಲ್ಲಿ ಉಪ್ಪನ್ನು ತಾಳಿಕೊಳ್ಳುವ ಕೊರ್ಗುಟ್ ಭತ್ತ, ಉಳಿದ ಕಾಲದಲ್ಲಿ ತೂಬಿನ ಬಾಯಿಗೆ ಕಟ್ಟಿದ ಬಲೆಗೆ ಸಿಗಡಿ ಮತ್ತು ಮೀನು. ಪೋರ್ಚುಗೀಸರು ಬರುವ ಮೊದಲಿನಿಂದಲೂ ಇದ್ದ ಗಾಂವ್ಕರಿ ಪದ್ಧತಿಯಲ್ಲಿ ಊರಿನವರೇ ಕೂಡಿ ಈ ಒಡ್ಡುಗಳನ್ನು ಕಾಯುತ್ತಿದ್ದರು. ಗೇಣಿ ಕಾನೂನುಗಳು ಬಂದ ಮೇಲೆ ಆ ಹೊಣೆ ಗೇಣಿದಾರರ ಸಂಘಗಳಿಗೆ ಬಂತು.

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ದಡದ ಗಜನಿ ಗದ್ದೆಗಳನ್ನೂ ಅಲ್ಲಿನ ಕಗ್ಗ ಭತ್ತವನ್ನೂ ಬಲ್ಲವರಿಗೆ ಇದು ಹೊಸದೇನೂ ಅಲ್ಲ. ಎರಡೂ ಕಡೆ ಬೇನೆಯೂ ಒಂದೇ. ಭತ್ತಕ್ಕಿಂತ ಸಿಗಡಿಯಿಂದ ಬರುವ ಹಣ ಹೆಚ್ಚಾದುದರಿಂದ ತೂಬನ್ನು ಗುತ್ತಿಗೆಗೆ ಹಿಡಿದವರು ಉಪ್ಪುನೀರನ್ನು ಬೇಕೆಂದೇ ಒಳಗೆ ಬಿಡುತ್ತಾರೆ. ಕೆಲವು ವರ್ಷಗಳಲ್ಲಿ ಗದ್ದೆಯು ಬಿತ್ತನೆಗೆ ಬಾರದಂತಾಗುತ್ತದೆ. ಗೋವಾದ ಎಷ್ಟೋ ಒಡ್ಡುಗಳು ಇಂದು ಬಿರುಕು ಬಿಟ್ಟಿವೆ ಎಂಬುದನ್ನೂ ಮರೆಮಾಚಬಾರದು.

ಆದರೂ ಇಲ್ಲಿ ಮೀನಿನ ಹಕ್ಕನ್ನು ಹರಾಜು ಹಾಕಿ, ಬಂದ ಹಣದಲ್ಲಿ ಒಡ್ಡನ್ನು ದುರಸ್ತಿ ಮಾಡುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ನೆಲದ ಆದಾಯವು ನೆಲದ ರಕ್ಷಣೆಗೇ ಮರಳಬೇಕೆಂಬ ಆ ಕಟ್ಟುಪಾಡನ್ನು ನಾನು ಬಹಳ ಗೌರವಿಸುತ್ತೇನೆ. ನಮ್ಮಲ್ಲಿ ಸರ್ಕಾರವು ಕಲ್ಲಿನ ಕಟ್ಟೆಗಳನ್ನು ಕಟ್ಟಿಕೊಟ್ಟಿತು, ಆದರೆ ಅವನ್ನು ನೋಡಿಕೊಳ್ಳುವ ಹಣಕ್ಕೆ ಇಂಥ ಗಟ್ಟಿಯಾದ ದಾರಿಯನ್ನು ಮಾಡಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಯು ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಆ ಮನ್ನಣೆಯ ಜೊತೆಗೇ, ಕಗ್ಗವನ್ನು ಬಿತ್ತಿದ ಗಜನಿಯಲ್ಲಿ ಮಾತ್ರ ಮೀನಿನ ಹರಾಜು ನಡೆಯಬೇಕು, ಅದರ ಒಂದು ಪಾಲು ಕಟ್ಟೆಗೆ ಮೀಸಲಾಗಬೇಕು ಎಂಬ ನಿಯಮವನ್ನು ಗಜನಿಯ ರೈತರ ಕೈಗೇ ಕೊಡುವುದು ಅಗತ್ಯ.