ಕರಾಳ ನಗೆಯ ಕಲಾಕೃತಿಗೆ ಕೋಟಿ ಸುರಿಯಬಹುದೇ?

ಪರ

ಬೂದು ಸೂಟು ತೊಟ್ಟು ಮಂಡಿಯೂರಿದ ಪುಟ್ಟ ಹುಡುಗ. ಬಾಗಿಲಲ್ಲಿ ನಿಂತವರಿಗೆ ಕಾಣುವುದು ಅವನ ಬೆನ್ನು ಮಾತ್ರ. ಪ್ರಾರ್ಥನೆಗೆ ಕೂತಿದ್ದಾನೆಂದು ಹತ್ತಿರ ಹೋಗಿ ಮುಖ ನೋಡಿದರೆ, ಹಿಟ್ಲರ್! ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟಲಾನ್ 2001ರಲ್ಲಿ ಮೇಣ, ಕೂದಲು ಬಳಸಿ ಮಾಡಿದ ಈ ಬೊಂಬೆ ‘ಹಿಮ್’ (ಇಂಗ್ಲಿಷಿನಲ್ಲಿ ‘ಅವನನ್ನು’) 2016ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 1.72 ಕೋಟಿ ಡಾಲರಿಗೆ ಹೋಯಿತು.

ಬೆಲೆಯಿರುವುದು ಬಾಗಿಲಿನಿಂದ ಬೊಂಬೆಯವರೆಗಿನ ಆ ನಡಿಗೆಗೆ. ಆದ್ದರಿಂದ ಇಂಥದ್ದನ್ನು ಇಡಲು ಉದ್ದನೆಯ ಕೋಣೆ ಬೇಕು, ಪ್ರವೇಶ ಹಿಂಬದಿಯಿಂದಲೇ ಇರಬೇಕು, ಬೊಂಬೆಯ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಡಬೇಕು. ಎದುರು ಗೋಡೆಯಲ್ಲಿ ಹೊಳೆಯುವ ಗಾಜಿದ್ದರೆ ಮುಖ ಮೊದಲೇ ಕಂಡು ಎಲ್ಲ ಕೆಡುತ್ತದೆ. ಗೋಡೆಯ ಮೇಲಿನ ಸೂರ್ಯಾಸ್ತವನ್ನು ನೆಂಟರು ‘ಚೆನ್ನಾಗಿದೆ’ ಎಂದು ದಾಟಿ ಹೋಗುತ್ತಾರೆ; ಇಲ್ಲಿ ನಕ್ಕವರಿಗೆ ತಾವೇಕೆ ನಕ್ಕೆವೆಂದು ಮುಜುಗರ. ಆ ಮುಜುಗರ ಮನೆಯಲ್ಲಿರಲಿ ಎಂದೇ ಸಂಗ್ರಾಹಕರು ಕೊಳ್ಳುತ್ತಾರೆ.

ಕಾಪಾಡುವುದೂ ಯಾವಾಗಲೂ ಕಷ್ಟವಲ್ಲ. ಗೋಡೆಗೆ ಡಕ್ಟ್ ಟೇಪಿನಿಂದ ಬಾಳೆಹಣ್ಣು ಅಂಟಿಸುವ ‘ಕಮೀಡಿಯನ್’ (2019) ಕೂಡ ಕ್ಯಾಟಲಾನ್‌ನದೇ. ಮಾಲೀಕರಿಗೆ ಸಿಗುವುದು ಪ್ರಮಾಣಪತ್ರ ಮತ್ತು ಸೂಚನೆಗಳು: ನೆಲದಿಂದ 175 ಸೆಂ.ಮೀ. ಎತ್ತರ, ಏಳರಿಂದ ಹತ್ತು ದಿನಕ್ಕೊಮ್ಮೆ ಹೊಸ ಹಣ್ಣು. ಮೊದಲು 1.2 ಲಕ್ಷ ಡಾಲರಿಗೆ ಮಾರಿದ ಕೃತಿಯ ಒಂದು ಪ್ರತಿ 2024ರ ನವೆಂಬರಿನಲ್ಲಿ ಸಾಥಬೀಸ್ ಹರಾಜಿನಲ್ಲಿ 62.4 ಲಕ್ಷ ಡಾಲರ್ ತಂದಿತು. ಕೊಂಡವರು ಹಣ್ಣನ್ನು ತಿಂದೇಬಿಟ್ಟರು. ಕೃತಿಗೇನೂ ಆಗಲಿಲ್ಲ.

ವಿರೋಧ

ಬಾಳೆಹಣ್ಣು ಕೊಳೆತರೆ ಇನ್ನೊಂದು ತರಬಹುದು. ಶಾರ್ಕ್ ಕೊಳೆತರೆ? ಸತ್ತ ಶಾರ್ಕಿನ ರೂಪದಲ್ಲಿ ಸಾವನ್ನೇ ಗಾಜಿನ ತೊಟ್ಟಿಯಲ್ಲಿಟ್ಟ ಬ್ರಿಟನ್ನಿನ ಕಲಾವಿದ ಡೇಮಿಯನ್ ಹರ್ಸ್ಟ್‌ನ ಕೃತಿಗೆ 1991ರಲ್ಲಿ ಸಂಗ್ರಾಹಕ ಚಾರ್ಲ್ಸ್ ಸಾಚಿ 50,000 ಪೌಂಡ್ ಕೊಟ್ಟಿದ್ದ. ಕೊಳೆಯದಂತೆ ಕಾಪಾಡುವ ರಾಸಾಯನಿಕ ಫಾರ್ಮಾಲ್ಡಿಹೈಡ್ ಮಾಂಸದೊಳಕ್ಕೆ ಸರಿಯಾಗಿ ಇಳಿಯದೆ ಶಾರ್ಕ್ ಕೊಳೆಯಿತು, ದ್ರವ ಕದಡಿತು. 1993ರಲ್ಲಿ ಚರ್ಮ ಸುಲಿದು ಫೈಬರ್‌ಗ್ಲಾಸ್ ಅಚ್ಚಿಗೆ ಹೊದಿಸಿದರು. ನೋಡಿದರೆ ಹೆದರಿಕೆಯೇ ಆಗದು. 2006ರಲ್ಲಿ ಬೇರೆ ಶಾರ್ಕ್ ತರಿಸಿ, ಮೈಗೆ ಫಾರ್ಮಾಲ್ಡಿಹೈಡ್ ಚುಚ್ಚಿ, ಶೇ 7ರ ಫಾರ್ಮಾಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ದ್ರಾವಣದಲ್ಲಿ ಎರಡು ವಾರ ನೆನೆಸಬೇಕಾಯಿತು. ಈಗಿರುವುದು ಅದೇ ಕೃತಿಯೇ ಎಂಬ ಜಗಳ ಇನ್ನೂ ಇದೆ.

ಇಟಲಿಯ ಕಲಾವಿದ ಪಿಯೆರೊ ಮನ್ಜೋನಿ 1961ರಲ್ಲಿ ‘ಕಲಾವಿದನ ಮಲ’ ಎಂಬ ಚೀಟಿ ಅಂಟಿಸಿ 90 ಡಬ್ಬಿ ಮಾಡಿದ. ಒಂದೊಂದೂ 30 ಗ್ರಾಂ, ಬೆಲೆ ಅಷ್ಟೇ ತೂಕದ ಚಿನ್ನದ್ದು. ತೆರೆದರೆ ಬೆಲೆ ಹೋಯಿತು, ತೆರೆಯದಿದ್ದರೆ ಒಳಗೇನಿದೆಯೋ ದೇವರೇ ಬಲ್ಲ. ಅವನು ಗೇಲಿ ಮಾಡಿದ್ದೇ ಕೊಳ್ಳುವವರನ್ನು. ಅವರೋ ಸಾಲುಗಟ್ಟಿ ಕೊಂಡರು!

ಬ್ರಿಟನ್ನಿನ ಬೀದಿ ಕಲಾವಿದ ಬ್ಯಾಂಕ್ಸಿಯ ಕತೆಯೂ ಅದೇ. 2018ರಲ್ಲಿ ಲಂಡನ್ನಿನ ಹರಾಜಿನಲ್ಲಿ ಶುಲ್ಕ ಸೇರಿ 10.4 ಲಕ್ಷ ಪೌಂಡಿಗೆ ಹೋದ ಅವನ ಚಿತ್ರಕ್ಕೆ ಸುತ್ತಿಗೆ ಬಿದ್ದೊಡನೆ ಚೌಕಟ್ಟಿನೊಳಗಿನ ಯಂತ್ರ ಅದನ್ನು ಅರ್ಧ ಸೀಳಿ ನಿಂತಿತು. ಸೀಳಿದ ಚಿತ್ರ 2021ರಲ್ಲಿ 1.86 ಕೋಟಿ ಪೌಂಡಿಗೆ ಮಾರಾಟವಾಯಿತು. ಮಾರುಕಟ್ಟೆಗೆ ಹೊಡೆದ ಪೆಟ್ಟು ಮಾರುಕಟ್ಟೆಗೇ ಲಾಭವಾದ ಮೇಲೆ ಅದರಲ್ಲಿ ಕಟುತ್ವ ಎಲ್ಲಿ ಉಳಿಯಿತು?

ಆದರೂ ಕೊಳ್ಳುವ ಹಟವಿದ್ದರೆ ಒಪ್ಪಂದ ಓದಿ: ಒಟ್ಟು ಎಷ್ಟು ಪ್ರತಿ, ಕಲಾವಿದ ತನಗೆಂದು ಇಟ್ಟುಕೊಂಡವು ಎಷ್ಟು (‘ಕಮೀಡಿಯನ್’ ಮೂರರ ಜೊತೆ ಇನ್ನೆರಡಿವೆ), ಕೆಟ್ಟ ಭಾಗ ಬದಲಿಸುವ ಹಕ್ಕು ಯಾರದು, ಕಲಾವಿದ ಸತ್ತ ಮೇಲೆ ಯಾರದು. ಪ್ರಮಾಣಪತ್ರ ಮನೆಯಲ್ಲಿಡದೆ ಲಾಕರಿನಲ್ಲಿಡಿ.