ಒಂದು ಹಬ್ಬಕ್ಕೆ ಊರೆಲ್ಲ ಸುಮ್ಮನಿರಬೇಕಾ?

ಘಾನಾದ ರಾಜಧಾನಿ ಅಕ್ರಾ ಗಾ ಜನರ ನೆಲ. ವರ್ಷಕ್ಕೊಮ್ಮೆ, ಹೆಚ್ಚಾಗಿ ಆಗಸ್ಟ್‌ನಲ್ಲಿ, ದೂರ ಹೋದವರೆಲ್ಲ ಹೋಮೊವೊ ಹಬ್ಬಕ್ಕೆ ಊರಿಗೆ ಬರುತ್ತಾರೆ. ಅದಕ್ಕೂ ಮುಂಚೆ, ಮೇ-ಜೂನ್‌ನಲ್ಲಿ, ಸುಮಾರು 30 ದಿನ ನಗರದಲ್ಲಿ ಡೋಲು, ಗದ್ದಲಕ್ಕೆ ನಿಷೇಧ. ಬೇರೆ ಜನಾಂಗದವರೂ ಬೇರೆ ಧರ್ಮದವರೂ ಪಾಲಿಸಬೇಕು. ಇದು ಸರಿಯೇ?

ಪರ: ಒಂದು ತಿಂಗಳು ತಾಳಿದರೆ ಯಾರ ಗಂಟು ಹೋಗುತ್ತೆ?

ಕೆಲಸದ ಮೇಲೆ ಅಕ್ರಾದಲ್ಲಿ ಇದ್ದವನು ನಾನು. ಪಕ್ಷಪಾತಿ ಅಂದರೂ ಬೇಜಾರಿಲ್ಲ. ನಿಷೇಧ ಸರಿಯಾಗಿಯೇ ಇದೆ.

ಮೊದಲು ವುಲೊಮೊಗಳು, ಅಂದರೆ ಅಲ್ಲಿಯ ಪೂಜಾರಿಗಳು, ದೇವರ ಹೊಲದಲ್ಲಿ ಬೀಜ ಬಿತ್ತುತ್ತಾರೆ. ಪೈರು ಏಳುವ ಹೊತ್ತಲ್ಲಿ ಸದ್ದು ಮಾಡಬಾರದು ಅನ್ನುವುದು ನಂಬಿಕೆ. ಗಾ ಜನರೂ ಡೋಲು ಮುಟ್ಟುವುದಿಲ್ಲ. ಸತ್ತವರ ಕಾರ್ಯಗಳನ್ನೂ ಮುಂದೆ ಹಾಕುತ್ತಾರೆ. ಕೊನೆಗೆ ಒಡಾಡಾ ಡೋಲು ಬಾರಿಸಿದ ಮೇಲೇ ಬಿಡುಗಡೆ. ತಾವೇ ವ್ರತ ಹಿಡಿದವರು ಪಕ್ಕದವರಿಗೆ 'ಸ್ವಲ್ಪ ಮೆಲ್ಲಗೆ' ಅಂದರೆ ತಪ್ಪಾ?

ಚರ್ಚಿಗೆ ಬೀಗ ಹಾಕಿಸುತ್ತಾರೆ ಅನ್ನೋ ಹಾಗೆ ಕೆಲವರು ಗೋಳಾಡುತ್ತಾರೆ. ಯಾರೂ ಹಾಕಿಸಲ್ಲ. ಪ್ರಾರ್ಥನೆ ಒಳಗೆ ಮಾಡಿ, ಸ್ಪೀಕರ್ ಹೊರಗೆ ಇಡಬೇಡಿ ಅನ್ನುತ್ತೆ ನಗರಾಡಳಿತ, ಅಷ್ಟೆ. ಸ್ಪೀಕರ್ ಇಲ್ಲದೆ ಕೇಳಿಸದ ದೇವರಿದ್ದರೆ ಕಿವಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗಲಿ.

1877ರಲ್ಲಿ ಬ್ರಿಟಿಷರು ಈಗಿನ ಘಾನಾ, ಅಂದರೆ ಆಗಿನ ಗೋಲ್ಡ್ ಕೋಸ್ಟ್‌ನ ರಾಜಧಾನಿಯನ್ನು ಕೇಪ್ ಕೋಸ್ಟ್‌ನಿಂದ ಅಕ್ರಾಕ್ಕೆ ತಂದರು. ಆಮೇಲೆ ಎಲ್ಲೆಲ್ಲಿಂದಲೋ ಜನ ಬಂದರು, ಗಾ ಜನ ತಮ್ಮ ಊರಲ್ಲೇ ಅಲ್ಪಸಂಖ್ಯಾತರಾದರು. ಹೊಲಗಳ ಮೇಲೆ ಕಟ್ಟಡ ಎದ್ದವು. ಊರು ತಮ್ಮದು ಅಂತ ಹೇಳಿಕೊಳ್ಳಲು ಅವರಿಗೆ ಈ ತಿಂಗಳಾದರೂ ಬೇಡವಾ?

ಅಕ್ರಾದ ಹಳೆ ಭಾಗ ಜೇಮ್ಸ್‌ಟೌನ್‌ನಲ್ಲಿದ್ದ ಸಹೋದ್ಯೋಗಿ ಒಂದು ಸಲ ಹಬ್ಬಕ್ಕೆ ಮನೆಗೆ ಕರೆದರು. ಗುರುವಾರ ಹಳ್ಳಿಗಳಿಂದ ಸೂಬಿಗಳು, ಊರಿಗೆ ಮರಳುವ ನೆಂಟರು, ತಲೆ ಮೇಲೆ ಗಂಟು ಹೊತ್ತು ಹಾಡುತ್ತ ಓಣಿಗೆ ನುಗ್ಗಿದರು. ಲಂಡನ್‌ನಿಂದ ಬಂದಿದ್ದ ಮೊಮ್ಮಗಳೂ ಅವರ ಜೊತೆ ಸೇರಿಕೊಂಡಳು. ಶುಕ್ರವಾರ ಅವಳಿಗಳಿಗೆ ಪೂಜೆ, ಬಿಳಿ ಬಟ್ಟೆ. ಶನಿವಾರ ಅಜ್ಜಿ ಆವಿಯಲ್ಲಿ ಬೆಂದ ಮೆಕ್ಕೆಜೋಳದ ಹಿಟ್ಟನ್ನು ದೊಡ್ಡ ಪಾತ್ರೆಗೆ ಸುರಿದು, ತಾಳೆಯೆಣ್ಣೆ ಹಾಕಿ ಕೈಯಲ್ಲೇ ಉದುರಿಸಿದರು. ಅದೇ ಕ್ಪೊಕ್ಪೊಯ್. ನೋಡೋಕೆ ನಮ್ಮ ಉಪ್ಪಿಟ್ಟಿನ ಹಾಗೇ. ಮನೆ ಯಜಮಾನರು ಮೊದಲ ಹಿಡಿಯನ್ನು ಅಂಗಳದಲ್ಲಿ ಎರಚಿದರು, ಅದು ಸತ್ತ ಹಿರಿಯರ ಪಾಲು. ಆಮೇಲೆ ತಾಳೆಹಣ್ಣಿನ ಸಾರು, ಹೊಗೆಯಲ್ಲಿ ಒಣಗಿಸಿದ ಮೀನು, ಒಂದೇ ಪಾತ್ರೆಗೆ ಎಲ್ಲರ ಕೈ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಎದುರುಬದುರು ಕೂತಿದ್ದರು. ತಮ್ಮನೇ ಮೀನಿನ ದೊಡ್ಡ ತುಂಡು ಅಣ್ಣನ ಕಡೆ ತಳ್ಳಿದ. ನನ್ನ ಅಂಗಿ ತೋಳಿಗೆ ಹತ್ತಿದ ಕೆಂಪು ಎಣ್ಣೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮರುದಿನ ಬೆಳಗಿನ ಜಾವ ಆ ವರ್ಷ ತೀರಿಕೊಂಡವರಿಗಾಗಿ ಮನೆಮನೆಯಲ್ಲೂ ಅತ್ತರು. ಆಮೇಲೆ ಒಬ್ಬರ ಮನೆಗೆ ಒಬ್ಬರು ಹೋಗಿ ಶುಭ ಕೋರಿದರು. ಆ ಮೌನದ ತಿಂಗಳು ತೆಗೆದುಬಿಟ್ಟರೆ ಉಳಿಯೋದು ಬರೀ ಊಟ.

ವಿರೋಧ: ಹಬ್ಬ ಇರಲಿ, ಹೇರಿಕೆ ಬೇಡ

ಈ ಕಡೆ ಬರೆಯೋಕೆ ಯಾರೂ ಒಪ್ಪಲಿಲ್ಲವಂತೆ, ಅದಕ್ಕೇ ನನ್ನ ಪಾಲಿಗೆ ಬಂತು. ಮೇಲಿನ ಬರಹ ಓದಿ ಹಸಿವಾಯಿತು, ನಿಜ. ಆದರೆ ಊಟ ಚೆನ್ನಾಗಿತ್ತು ಅನ್ನೋದು ವಾದವಲ್ಲ.

ಘಾನಾದ 1992ರ ಸಂವಿಧಾನ ಸಂಸ್ಕೃತಿಯನ್ನು ಪಾಲಿಸುವ ಹಕ್ಕು ಕೊಡುತ್ತದೆ. ಧರ್ಮವನ್ನು ಆಚರಿಸುವ ಹಕ್ಕನ್ನೂ ಕೊಡುತ್ತದೆ. ನನ್ನ ದೇವರಿಗಾಗಿ ನಾನು ವ್ರತ ಮಾಡಬಹುದು, ಪಕ್ಕದ ಮನೆಯವರಿಂದ ಮಾಡಿಸೋಕಾಗುತ್ತಾ? ಗದ್ದಲವೇ ತೊಂದರೆ ಅಂದರೆ ಶಬ್ದಕ್ಕೆ ಮಿತಿ ಹಾಕುವ ನಿಯಮ ಅಕ್ರಾದಲ್ಲಿ ಮೊದಲೇ ಇದೆ. ವರ್ಷಪೂರ್ತಿ ಜಾರಿ ಮಾಡಲಿ.

'ಸ್ವಲ್ಪ ಮೆಲ್ಲಗೆ' ಅಂತ ಕೇಳಿದರು ಅನ್ನೋದು ಕೇಳೋಕೆ ಚೆನ್ನ. 1998ರಿಂದ 2001ರ ನಡುವೆ ಹಾಗೆ ಕೇಳಲಿಲ್ಲ. ಗುಂಪುಗಳು ಚರ್ಚುಗಳಿಗೆ ನುಗ್ಗಿದವು, ವಾದ್ಯ ಕಿತ್ತುಕೊಂಡವು, ಜನರಿಗೆ ಗಾಯವಾಯಿತು. ಈಗ ಪೊಲೀಸರು, ಅಧಿಕಾರಿಗಳು, ಚರ್ಚಿನವರು ಸೇರಿದ ಕಾವಲುಪಡೆ ಇದೆ ಅಂತಾರೆ. ಹಬ್ಬಕ್ಕೆ ಕಾವಲುಪಡೆ ಯಾಕೆ ಬೇಕಾಯಿತು, ಅದನ್ನು ಮಾತ್ರ ಹೇಳಲ್ಲ.

ಗಾ ಜನ ಅಲ್ಪಸಂಖ್ಯಾತರು ಅನ್ನೋದು ಬೇರೆಯೇ ಚರ್ಚೆ, ಇಲ್ಲಿ ಜಾಗವಿಲ್ಲ.

ನಿಷೇಧದ ತಾರೀಖೂ ಒಂದೇ ಅಲ್ಲ, ಗಾ ಜನರ ಊರೂರಿಗೂ ಬೇರೆ. ಗಾ ಮಾಶಿಗೆ ಒಂದು, ಒಸುಗೆ ಇನ್ನೊಂದು, ಲಾ, ತೆಶಿ, ನುಂಗುವಾ, ತೆಮಾಗಳಿಗೆ ಅವರವರದು. ಬ್ಯಾಂಡ್ ಬಾರಿಸಿ ಹೊಟ್ಟೆ ಹೊರೆಯುವವನು ಪ್ರತಿ ಸಲ ಯಾವ ಊರಲ್ಲಿ ಯಾವಾಗ ಬಾಗಿಲು ಮುಚ್ಚಿದೆ ಅಂತ ವಿಚಾರಿಸಿಕೊಂಡು ಹೊರಡಬೇಕು.

ರಾತ್ರಿಯೆಲ್ಲ ಮೈಕ್ ಹಾಕುವ ಚರ್ಚಿನ ಪಕ್ಕ ಮನೆ ಇದ್ದಿದ್ದರೆ ನಾನೂ ಬೇರೆ ಥರ ಬರೆಯುತ್ತಿದ್ದೆನೇನೋ. ಆದರೂ ನಿಷೇಧ ಹಳೆ ಊರಿನ ಓಣಿಗಳಿಗೆ, ಪೂಜೆಯ ಹೊಲಗಳ ಸುತ್ತಮುತ್ತಕ್ಕೆ ಸಾಕು. ಊರಾಚೆ ಹೊಸ ಬಡಾವಣೆಯಲ್ಲಿ ಮಗಳ ಮದುವೆ ಇಟ್ಟುಕೊಂಡವರು ಅನುಮತಿ ಕೇಳಿಕೊಂಡು ಓಡಾಡೋದು ಬೇಡ.